ಬಿದಿಗೆಯ ಬೆರಳು

ಬೇವಿನ ಟೊಂಗೆಯಾಚೆ ಏನೋ ಬೆಳ್ಳಗೆ ಹೊಳೆದಂತಾಯಿತು, ಅಲ್ಲ, ಕಣ್ಣಿನ ಪೊರೆಯೇ ಇರಬೇಕು, ಯುಗಾದಿಯ ಮರುದಿನದ ಪಡುವಣ ಬಾನು ಗುರುಮೂರ್ತಿ ಮಾಸ್ತರರಿಗೆ ಒರೆಸಿದ ಪಾಟಿಯ ಹಾಗೆ ಬರೀ ಬೂದು, ಹಡಗಲಿಯ ಮಾಳಿಗೆ ಮಾಳಿಗೆಯ ಮೇಲೂ ಜನ ಚಂದ್ರನಿಗಾಗಿ ಕತ್ತೆತ್ತಿ ನಿಂತಿದ್ದಾರೆ, ಚಂದ್ರನ ಸೆಳೆತಕ್ಕೆ ಕಡಲು ಉಬ್ಬುತ್ತದೆಂದು ಕಡಲನ್ನೇ ಕಾಣದ ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವನು ತಾನು, ಕಡಲಿಲ್ಲದ ಈ ಸೀಮೆಯಲ್ಲಿ ಚಂದ್ರನಿಗೆ ಎಳೆಯಲು ಉಳಿದಿರುವುದು ಇಷ್ಟೇ, ಕೊರಳುಗಳು — ಅದರಲ್ಲೂ ಪಕ್ಕದಲ್ಲಿ ನಿಂತ ಹೆಂಡತಿ ಶಿವಬಸಮ್ಮನ ಕೊರಳು, ಎಪ್ಪತ್ತು ಸಮೀಪಿಸಿದರೂ ಗಲ್ಲವೆತ್ತಿದರೆ ಮದುಮಗಳದೇ, ಏನ್ರೀ, ಎಲ್ಲೈತ್ರೀ, ನಲವತ್ತೆರಡು ಯುಗಾದಿಗಳಿಂದ ಇದೇ ಪ್ರಶ್ನೆ, ಪ್ರತಿ ಸಲವೂ ಅವಳ ಹೆಗಲ ಮೇಲಿಂದ ಚಾಚಿದ್ದು ತನ್ನದೇ ಬೆರಳು, ಎಳೆಚಂದ್ರನನ್ನು ಕಂಡ ಕಣ್ಣು ಮೊದಲು ಯಾರ ಮುಖ ನೋಡುವುದೋ ವರ್ಷವೆಲ್ಲ ಅವರದೇ ನೆರಳು ಎಂದು ಅವಳ ತವರಿನ ನಂಬಿಕೆ, ಕಂಡೊಡನೆ ತನ್ನತ್ತ ತಿರುಗುತ್ತಿದ್ದಳು, ನಗುತ್ತ, ಆಮೇಲೆ ಕಾಲಿಗೆ ಬಾಗುತ್ತಿದ್ದಳು — ಅಗೋ, ಅಲ್ಲಿ ನೋಡು, ಎಂದು ಈಗಲೂ ಬೆರಳು ಚಾಚಿದರು, ಕಾಣುವುದಿಲ್ಲ ಎನ್ನುವುದಕ್ಕಿಂತ ಸುಳ್ಳು ಹಗುರ, ಚಂದ್ರನ ಎಡಗೋಡು ತುಸು ಮ್ಯಾಲೈತಿ, ಮಳಿ ಚೊಲೊ ಆಗತೈತಿ ಎಂದೂ ಸೇರಿಸಿದರು, ಆಗ ಪಕ್ಕದ ಮಾಳಿಗೆಯಿಂದ ಕೆಮ್ಮು, ಕುರಿಗಾರ ದುರುಗಣ್ಣನದು, ಅಲ್ರೀ ಮಾಸ್ತರ, ನೀವು ತೋರ್ಸಾಕತ್ತಿದ್ದು ಮೊಬೈಲ್ ಟವರಿನ ದೀಪ, ಅದಕ್ಯಾವ ಕೋಡ್ರೀ, ಅಕ್ಕಾರು ಅದಕ್ಕ ಕೈ ಮುಗುದ್ರ ವರ್ಷೆಲ್ಲ ಸಿಗ್ನಲ್ ಭಾರಿ ಬರ್ತೈತಿ ಬಿಡ್ರಿ — ಶಿವಬಸಮ್ಮ ನಕ್ಕಳು, ನಗಬಾರದಿತ್ತು, ಅವನು ಗಿಡ್ಡ ಗೋಡೆ ದಾಟಿ ಬಂದೇಬಿಟ್ಟ, ಕುರಿ ಈಯುವುದು ಹುಣ್ಣಿಮೆಯ ಆಸುಪಾಸಿಗೇ ಎನ್ನುವ, ಅಮಾವಾಸ್ಯೆಗೆ ಉಣ್ಣೆ ಕತ್ತರಿಸದ, ಎರಡನೆಯ ತರಗತಿಗೇ ಶಾಲೆ ಬಿಟ್ಟ ದುರುಗಣ್ಣ, ಮಂದೆಯ ನಡುವೆ ಬಯಲಲ್ಲಿ ಮಲಗಿ ಮಲಗಿ ಚಂದ್ರನೊಡನೆ ಸಲಿಗೆ ಬೆಳೆಸಿಕೊಂಡವನು, ತನಗೆ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಚಂದ್ರನಷ್ಟೇ ಪರಿಚಯ, ಅಕ್ಕಾರ, ಆ ಬೇವಿನ ಟೊಂಗಿ ಐತಲ್ಲ, ಅದರ ಕವಲಿನ್ಯಾಗ, ಹಾಂ, ಇನ್ನೊಂಚೂರು ಕೆಳಗ, ಮತ್ತು ಆ ಬೆರಳು, ಕತ್ತರಿಯ ಹಿಡಿಗೆ ಬಾಗಿಹೋದ, ಉಗುರು ಸೀಳಿದ ತೋರುಬೆರಳು, ಅವಳ ಹೆಗಲ ಮೇಲಿಂದ, ತಾನು ಗೋಡೆಯತ್ತ ಸರಿದು ತೆರವಾದ, ತನ್ನ ಬೆರಳಿದ್ದ ಜಾಗದಲ್ಲೇ, ಅಯ್ಯ, ಕಂಡ್ತು, ಕೂದಲೆಳಿಯಂಗೈತಿ ನೋಡು ದುರುಗಣ್ಣ — ಈಗ ತಿರುಗುತ್ತಾಳೆ, ತೋರಿಸಿದವನ ಕಡೆಗೆ ಮುಖ ಹೊರಳುವುದು ಸಹಜ, ತಪ್ಪೇನಿದೆ, ಒಂದು ಇಡೀ ವರ್ಷ ಕುರಿಗಾರನ ಪಾಲು, ತನಗಿನ್ನೆಷ್ಟು ವರ್ಷಗಳಿವೆ ಬಿಟ್ಟುಕೊಡಲು — ಆದರೆ ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು, ಮುಚ್ಚಿಕೊಂಡೇ ಗೋಡೆ ತಡವುತ್ತ ಬಂದಳು, ಎಲ್ಲದೀರಿ, ಕೈ ಕೊಡ್ರಿ, ಬೀಳ್ತೀನಿ, ಎದುರಿಗೆ ನಿಂತು ಕಣ್ಣು ತೆರೆದಳು, ತನ್ನ ಮುಖವನ್ನೇ ನೋಡಿದಳು, ವರ್ಷ ತನಗೇ ಬಂತು, ಇನ್ನೇನು ಬೇಕು, ಹರಸಬೇಕು, ಬಾಗಿದ ಅವಳ ಮುಡಿಯಲ್ಲಿ ಮಲ್ಲಿಗೆ, ಅದರ ತಂಪಿನ ಮೇಲೆ ತನ್ನ ಕೈ, ಕಣ್ಣು ಮಾತ್ರ ಇನ್ನೂ ಆ ಬೂದು ಬಾನಿನಲ್ಲಿ, ಅಲ್ಲಿ ಎಳೆಚಂದ್ರನಷ್ಟೇ ಬಾಗಿ, ಉಗುರು ಸೀಳಿ, ಅವಳ ಹೆಗಲ ಮೇಲಿಂದ ಚಾಚಿ, ಆ ಬೆರಳು