ಮೂರು ವರ್ಷದ ಅನುಭವ

ನನಗೆ ಮೂವತ್ತೊಂದು ವರ್ಷ. ಪೊಲೀಸ್ ಪರೀಕ್ಷೆ, ತಲಾಠಿ ಪರೀಕ್ಷೆ ಎಂದು ಚಿಕ್ಕೋಡಿಯ ಕ್ಲಾಸುಗಳಿಗೆ ಅಲೆದದ್ದು ಬಿಟ್ಟರೆ ಒಂದು ದಿನವೂ ಎಲ್ಲಿಯೂ ದುಡಿದವನಲ್ಲ. ಮನೆ ನಡೆಯುವುದು ತೀರಿಹೋದ ಅಪ್ಪನ ಪಿಂಚಣಿಯಲ್ಲಿ. ಮಹಾರಾಷ್ಟ್ರದ ಗಡಿಗಂಟಿದ ನಮ್ಮೂರು ಜುಗೂಳದಲ್ಲಿ ನನ್ನನ್ನು ಈಗಲೂ ‘ಓದೋ ವಿಶ್ವಾಸ’ ಎನ್ನುತ್ತಾರೆ. ನಗುತ್ತಲೇ ಎನ್ನುತ್ತಾರೆ.

ಇಸ್ರೇಲಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸವಿದೆ ಎಂದು ನಿಪ್ಪಾಣಿಯ ಏಜೆಂಟ್ ಸುಹಾಸ ಹೇಳಿದಾಗ ಹೂಂ ಎಂದೆ. ಫಾರ್ಮ್ ತುಂಬುತ್ತ ಅವನು ಅನುಭವ ಎಷ್ಟೆಂದು ಕೇಳಿದ. ಏನೂ ಇಲ್ಲ ಎಂದೆ.

“ಮನಿಯಾಗ ಯಾರರೆ ಹಾಸಿಗಿ ಹಿಡದಾರೇನು?”

“ನಮ್ಮವ್ವ. ಲಕ್ವಾ ಹೊಡದು ಮೂರು ವರ್ಷ ಆತ್ರಿ.”

“ಮುಗೀತಲ್ಲ! ಮೂರು ವರ್ಷದ ಅನುಭವ ಅಂತ ಬರೀತೀನಿ.”

ಅವ್ವ ಹಾಸಿಗೆ ಹಿಡಿದದ್ದಕ್ಕೆ ಆ ಕ್ಷಣ ನನಗೆ ಖುಷಿಯಾಯಿತು. ಥೂ, ಹೇಳಿಕೊಳ್ಳಲೂ ನಾಚಿಕೆ. ಅವ್ವನ ಹೇಲುಚ್ಚೆ ಬಳಿದದ್ದು, ಮೈ ತೊಳೆದದ್ದು, ಗಂಜಿ ಕುಡಿಸಿದ್ದು ಎಲ್ಲ ನನ್ನ ಹೆಂಡತಿ ಸಪನಾ. ನಾನು ಬಾಗಿಲಲ್ಲೇ ನಿಂತು “ಹೆಂಗದಿಯವ್ವಾ?” ಎಂದು ಕೇಳಿ ಕ್ಲಾಸಿಗೆ ಹೋಗುತ್ತಿದ್ದವನು.

ಸಂದರ್ಶನ ಅವ್ವನ ಹಾಸಿಗೆಯ ಪಕ್ಕದಲ್ಲೇ, ವಿಡಿಯೋ ಕಾಲಿನಲ್ಲಿ ನಡೆಯಿತು. ಫೋನು ಹಿಡಿದದ್ದೂ ಸಪನಾಳೇ. ಸಂದರ್ಶನ ಮಾಡುತ್ತಿದ್ದ ಮುಂಬೈಯ ಮೇಡಂ ಮರಾಠಿಯಲ್ಲಿ, ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ತೋರಿಸಿ ಎಂದರು. ಅವ್ವನ ತೋಳು ಹಿಡಿದು ಎಳೆದೆ. ಅದು ಲಕ್ವಾ ಹೊಡೆದ ತೋಳು. ಅವ್ವ ಹಲ್ಲು ಕಚ್ಚಿಕೊಂಡಳು.

ಮೇಡಂಗೆ ಅನುಮಾನ ಬಂದಿರಬೇಕು. ದಿನಾಲೂ ನಿಮ್ಮನ್ನು ನೋಡಿಕೊಳ್ಳುವವರು ಇವರೇನಾ ಎಂದು ಅವ್ವನನ್ನೇ ಕೇಳಿದರು.

ಅವ್ವ ನನ್ನನ್ನು ನೋಡಿದಳು. ಆಮೇಲೆ ಫೋನಿನ ಹಿಂದಿದ್ದ ಸಪನಾಳನ್ನು ನೋಡಿದಳು. ಸೊಟ್ಟಗಾದ ಬಾಯಿಂದ, ನಿಧಾನವಾಗಿ, ಮರಾಠಿಯಲ್ಲೇ ಹೇಳಿದಳು: ಹೌದು, ಮೂರು ವರ್ಷ ಎಲ್ಲ ಇವನೇ ಮಾಡಿದ್ದಾನೆ, ನನಗೆ ಬೇರೆ ಯಾರೂ ಇಲ್ಲ.

ಫೋನು ಒಮ್ಮೆ ಅಲುಗಾಡಿತು. ಮೇಡಂ ನನ್ನನ್ನು ಪಾಸು ಮಾಡಿದರು.

ಕಾಲ್ ಕಟ್ಟಾದ ಮೇಲೆ ಅವ್ವ ಕಣ್ಣು ಮುಚ್ಚಿ, “ಸಪನಾ, ತಪ್ಪ ತಿಳ್ಕೋಬ್ಯಾಡವಾ” ಎಂದಳು. ಸಪನಾ ಫೋನು ಕೆಳಗಿಟ್ಟಳು. ಅವ್ವನ ಮೊಣಕಾಲು ಮಡಿಸಿ, ಬೆನ್ನ ಕೆಳಗೆ ಕೈ ಕೊಟ್ಟು, ಎಳೆಯದೆ ನೂಕದೆ ಮಗ್ಗುಲಾಗಿಸಿದಳು. ಮುದ್ದೆಯಾಗಿದ್ದ ಹಾಸು ಬಟ್ಟೆಯನ್ನು ಸರಿಮಾಡಿದಳು. ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೊರಗೆ ಹೋಗಲೂ ಆಗಲಿಲ್ಲ.

“ನನಗೂ ಕಲಿಸು” ಎಂದೆ.

“ಕಲೀಲೇಬೇಕಲ್ರಿ” ಎಂದಳು, ನನ್ನ ಮುಖ ನೋಡದೆ. “ಅಲ್ಲಿ ಇಸ್ರೇಲಿನ್ಯಾಗ ನೀವು ನೋಡ್ಕೊಳ್ಳೂ ಮುದುಕಿ ನಿಮ್ಮ ಸಲುವಾಗಿ ಸುಳ್ಳ ಹೇಳೂದಿಲ್ಲ. ಮೊದಲ ಕೈ ತೊಳಕೊಂಡ ಬರ್ರಿ.”

ಅವ್ವನನ್ನು ಮುಟ್ಟುವ ಮುಂಚೆ ಕೈಗೆ ಹಚ್ಚುವ ಸೋಪು ಎಲ್ಲಿರುತ್ತದೆ ಎಂಬುದನ್ನೂ ನಾನು ಅವಳನ್ನೇ ಕೇಳಬೇಕಾಯಿತು.