ತೂಬಿನ ಬಾಯಿಗೆ ಚರಗ

ಮತ್ತೆ ಆ ತೂಬಿನ ಬಾಯಿ, ಗುಳುಗುಳು, ಎಷ್ಟು ಕುಡಿದರೂ ಸಾಲದ ಬಾಯಿ, ಕಾಲುವೆಯ ಏರಿ ಹತ್ತಿದ ಕೂಡಲೇ ಕಣ್ಣು ಮೊದಲು ಅದರ ಮೇಲೇ ಬೀಳುತ್ತದೆ, ಬೀಳಬಾರದು ಎಂದುಕೊಂಡೇ ಹತ್ತಿದ್ದೆ, ಬಿತ್ತು — ಸಿಮೆಂಟಿನ ದುಂಡು ಬಾಯಿ, ಇವತ್ತು ನೀರು ಕಡಿಮೆ, ಅರ್ಧ ಬಾಯಿ ಮೇಲೆಯೇ ಕಾಣುತ್ತಿದೆ, ಅದರ ಈ ಕಡೆ ನನ್ನ ಹೊಲ, ಹೊಲ ಎಲ್ಲಿದೆ, ಹೊಲ ಇದ್ದ ಜಾಗ, ಈಗ ನೀರು, ಆ ಕಡೆ ಇಳಿಜಾರಿನಲ್ಲಿ ಭೀಮಾಬಾಯಿಯ ಹೊಲ, ಭತ್ತದ ಸಸಿಮಡಿಯ ಹಸಿರು, ಕಣ್ಣಿಗೆ ಚುಚ್ಚುವ ಹಸಿರು. ತಲೆಯ ಮೇಲೆ ಬುಟ್ಟಿ ಭಾರ, ಸಿಂಬಿ ಜಾರುತ್ತಿದೆ, ಸಜ್ಜಿ ರೊಟ್ಟಿ, ಕಾಳುಸೊಪ್ಪು ಬೇಯಿಸಿದ ಭಜ್ಜಿ, ಎಳ್ಳು ಹೋಳಿಗೆ, ಬೆಳಗಿನಿಂದ ಒಬ್ಬಳೇ ಒಲೆ ಮುಂದೆ ಕೂತು ಮಾಡಿದ್ದು, ಎಳ್ಳಮಾಸಿಗೆ ಕಡಿಮೆ ಮಾಡಬಾರದು, ಬೆಳೆ ಹೊತ್ತ ಭೂಮಿತಾಯಿ ಬಸುರಿ, ಬಯಕೆಯ ಊಟ, ಹೊಲಕ್ಕೆ ಚೆಲ್ಲುವ ಚರಗ, ಇವತ್ತು ಅವಳಿಗೆ ಮೊದಲು, ಆಮೇಲೆ ನಮಗೆ. ಓಣಿಯ ಯಂಕಮ್ಮ ಬಾಗಿಲಲ್ಲೇ ನಿಂತು ಕೇಳಿಬಿಟ್ಟಳು, ಚರಗ ಎಲ್ಲಿ ಚೆಲ್ಲಾಕಿ ಚಂದಮ್ಮ, ನಿಮ್ಮ ಹೊಲದಾಗ ಈಗ ಮೀನ ಅದಾವಲ್ಲ, ಮೀನಿಗಿ ಉಣಿಸ್ತಿ ಏನು, ಎಂದು ನಕ್ಕಳು, ನಗಲಿ, ಅವಳಿಗೂ ಒಂದು ತುಂಡು ಹೊಲವಿದೆ, ಹೊಲವಿದ್ದವರಿಗೆ ನಗು ಬರುತ್ತದೆ. ಹೌದು ಅಲ್ಲಿಯೇ ಚೆಲ್ಲುತ್ತೇನೆ, ನನ್ನ ಹೊಲ ನೀರಿನ ಕೆಳಗೆ ಮಲಗಿದ್ದರೂ ನನ್ನದೇ ಎಂದು ಹೇಳಬೇಕಿತ್ತು, ಸಿಂಬಿ ಸರಿಮಾಡಿಕೊಂಡು ಓಣಿ ದಾಟಿದೆ.

ಅಗೋ ಭೀಮಾಬಾಯಿ, ಶಹಾಪುರದ ಬಜಾರಿನಿಂದ ತಂದ ಹೊಸ ಸೀರೆ, ಇಲ್ಲಿಂದಲೇ ಮಿಂಚುತ್ತದೆ, ನನ್ನ ಭಾವ ಸಂಗಣ್ಣನ ಹೆಂಡತಿ, ನನಗಿಂತ ಮೊದಲು ಆ ಮನೆ ಹೊಕ್ಕವಳು, ಹಿರಿಯಳು, ಅಕ್ಕಾ ಎಂದೇ ಕರೆಯುತ್ತೇನೆ, ಕರೆಯುವಾಗ ನಾಲಿಗೆ ಕಹಿಯಾಗುತ್ತದೆ. ಮೊದಲು ಹೀಗಿರಲಿಲ್ಲ, ಮೊದಲು ಅವಳ ನಾಲಿಗೆ ಕಹಿಯಾಗುತ್ತಿತ್ತು, ಮಾವ ತೀರಿದ ವರ್ಷ, ಪಾಲಾದ ದಿನ, ನಮ್ಮಲ್ಲಿ ಹಿರಿಯನು ಪಾಲು ಕೊಯ್ಯಬೇಕು, ಕಿರಿಯನು ಮೊದಲು ಆರಿಸಬೇಕು, ಕೊಯ್ಯುವವನಿಗೆ ಆಸೆ ಬರಬಾರದೆಂದು ಹಿರಿಯರು ಮಾಡಿಟ್ಟ ಕಟ್ಟು. ಭಾವ ಎರಡು ಪಾಲು ಮಾಡಿದ, ಮೇಲಿನ ಎರೆಹೊಲ ಒಂದು, ಕೆಳಗಿನ ಮಸಾರಿ ಒಂದು, ಕೆಳಗಿನದು ಅಳತೆಯಲ್ಲಿ ದೊಡ್ಡದು, ಇರಲಿ, ಆ ಕೆಂಪು ಮಣ್ಣಿನಲ್ಲಿ ಮಳೆ ಬಿದ್ದ ಮರುದಿನವೇ ಧೂಳು, ಎರೆ ಎಂದರೆ ಎರೆ, ಒಮ್ಮೆ ನೆನೆದರೆ ಸಂಕ್ರಾಂತಿ ದಾಟಿದರೂ ತೇವ, ಕಾಲಿಟ್ಟರೆ ಕಾಲು ಬಿಡದ ಮಣ್ಣು, ಅಂಚಿನಲ್ಲಿ ಬನ್ನಿ ಮರ, ಮರದ ಬುಡದಲ್ಲಿ ಐದು ಕಲ್ಲು, ಪಾಂಡವರು, ಸುಣ್ಣ ಹಚ್ಚಿದ್ದು. ಮಂದಿಯ ನಡುವೆ ಕೂತಿದ್ದ ಸೂಗಪ್ಪ ನನ್ನ ಕಡೆ ನೋಡಿದ, ಗಂಡನೆಂದರೆ ಹಾಗೆ, ಮಂದಿಯಲ್ಲಿ ಕೂತರೂ ಹೆಂಡತಿಯ ಕಣ್ಣು ಹುಡುಕುವವನು, ನಾನು ಹುಬ್ಬು ಮೇಲೆತ್ತಿದೆ, ಅವನು ಮ್ಯಾಲಿನ ಹೊಲ ನಂದು ಅಂದ. ಭೀಮಾಬಾಯಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ನಾನೇ ಹೋಗಿ ಬೆನ್ನು ಸವರಿದೆ, ಅಳಬ್ಯಾಡಕ್ಕ, ದೇವರು ಎಲ್ಲಾ ಹೊಲದಾಗ ಇರ್ತಾನ, ಹೇಳುವಾಗ ಎಷ್ಟು ಹಿಗ್ಗು, ಎಂಥ ಹಿಗ್ಗು, ಅವಳ ಕಣ್ಣಿನ ಅಸೂಯೆ ನೋಡಿಯೇ ನನ್ನ ಹೊಟ್ಟೆ ತುಂಬಿತ್ತು. ಆಮೇಲೆ ಎಷ್ಟೋ ಎಳ್ಳಮಾಸಿ ಅವಳು ನನ್ನ ಹೊಲದ ಅಂಚಿಗೆ ಬಂದು ಕಲ್ಲಿಗೆ ಕೈಮುಗಿದು, ನಿನ್ನ ಜ್ವಾಳ ಮಸ್ತ ಬಂದಾವ ತಂಗಿ ಎಂದು ಹೋಗುತ್ತಿದ್ದಳು.

ಆಮೇಲೆ ಸರ್ವೆಯವರು, ಮೂರು ಕಾಲಿನ ದುರ್ಬೀನು, ಕೆಂಪು ಬಿಳಿ ಕೋಲು, ನಾರಾಯಣಪುರದ ಡ್ಯಾಮಿನಿಂದ ಕೃಷ್ಣೆ ನಮ್ಮ ಸಗರದ ತನಕ ಬರುತ್ತಾಳೆ ಎಂದರು, ಊರೆಲ್ಲ ಕುಣಿಯಿತು, ನಾನೂ ಕುಣಿದೆ. ಕಾಲುವೆ ಎತ್ತರದ ಮೇಲೇ ಹೋಗಬೇಕಂತೆ, ಇಳಿಜಾರಿಗೆ ನೀರು ಹರಿಯಬೇಕಂತೆ, ಎತ್ತರ ಯಾರದು, ನಮ್ಮದು, ಇಳಿಜಾರು ಯಾರದು — ಅಯ್ಯೋ ಶಿವನೇ, ನಾನೇ ಹುಬ್ಬೆತ್ತಿದೆನಲ್ಲ. ಕಾಲುವೆಗೆ ಅರ್ಧ ಹೊಲ, ಏರಿಗೆ ಮಣ್ಣು ತೆಗೆಯಲು ಉಳಿದರ್ಧ, ಒಣ ಭೂಮಿ ಎಂದು ದರ ಕಟ್ಟಿದರು, ಬಂದ ರೊಕ್ಕ, ಹೆಚ್ಚಿನ ದರ ಕೇಳಲು ಗುಲ್ಬರ್ಗಾದ ಕೋರ್ಟಿಗೆ ಅಲೆದು ಅಲೆದು, ಬಸ್ಸಿಗೂ ವಕೀಲನಿಗೂ ಹೋಯಿತು. ಅದಕ್ಕೂ ಮೊದಲು ಚಾವಡಿಯಲ್ಲಿ ಮೀಟಿಂಗು, ಗಂಡಸರೆಲ್ಲ ತಲೆ ತಗ್ಗಿಸಿ ಕೂತಿದ್ದರು, ನಾನು ಕಂಬದ ಹಿಂದಿನಿಂದಲೇ ಕೇಳಿದೆ, ಸಾಹೇಬ್ರ, ನಮಗ ರೊಕ್ಕ ಬ್ಯಾಡ್ರಿ, ನೀರ ಹರಿಯೋ ಕಡಿ ಒಂದ ತುಂಡ ಹೊಲ ಕೊಡ್ರಿ. ಹಂಗೆಲ್ಲಾ ಕಾನೂನದಾಗ ಇಲ್ಲವ್ವ, ಇದು ಸಾರ್ವಜನಿಕರ ಸಲುವಾಗಿ ಮಾಡೋ ಕೆಲಸ, ಅಂದ ಸಾಹೇಬ. ಸಾರ್ವಜನಿಕರು ಅಂದ್ರ ಯಾರ್ರಿ ಸಾಹೇಬ್ರ, ನಮ್ಮ ಭೀಮಾಬಾಯಿ ಏನ್ರಿ? ಎಲ್ಲರೂ ನಕ್ಕರು, ಸಾಹೇಬನೂ ನಕ್ಕ, ನಾನು ನಗಿಸಲು ಕೇಳಿರಲಿಲ್ಲ, ನನಗೆ ಉತ್ತರ ಬೇಕಿತ್ತು, ಇವತ್ತಿಗೂ ಬೇಕು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಮಷೀನು ಬಂದ ದಿನ ನಾನು ಮನೆಯ ಬಾಗಿಲು ಹಾಕಿಕೊಂಡು ಮಲಗಿದ್ದೆ, ಬನ್ನಿ ಮರ ಉರುಳಿದ ಸದ್ದು ಮನೆಯ ತನಕ ಕೇಳಿತು, ಅಥವಾ ಕೇಳಿತೆಂದು ನನಗನ್ನಿಸಿತು, ಸಂಜೆ ಹೋದರೆ ಕಲ್ಲುಗಳಿಲ್ಲ, ಭೀಮಾಬಾಯಿ ಸೆರಗಿನಲ್ಲಿ ಹೊತ್ತು ತನ್ನ ಹೊಲಕ್ಕೆ ಒಯ್ದಿದ್ದಳು, ಮಣ್ಣಾಗ ಮುಚ್ಚಿ ಹೋಗ್ತಿದ್ದವು ತಂಗಿ, ಅದಕ್ಕ ತಂದೀನಿ, ಅಳಬ್ಯಾಡ, ದೇವರು ಎಲ್ಲಾ ಹೊಲದಾಗ ಇರ್ತಾನ. ನನ್ನ ಮಾತು, ನನ್ನದೇ ಮಾತು, ನನಗೇ ಹೇಳಿ ಬೆನ್ನು ಸವರಿದಳು. ಬೇಕೆಂದೇ ಆಡಿದ್ದರೆ ಜಗಳಾಡಬಹುದಿತ್ತು, ಅವಳಿಗೆ ನೆನಪೇ ಇರಲಿಲ್ಲ, ಕಣ್ಣಲ್ಲಿ ನಿಜವಾಗಿಯೂ ನೀರಿತ್ತು, ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು, ಒಮ್ಮೆ ಬಾಯ್ತುಂಬ ಬೈದು ಹಗುರಾಗುತ್ತಿದ್ದೆ.

ಆ ಮಸಾರಿ ನೀರು ಕುಡಿದು ಈಗ ಭತ್ತ, ವರ್ಷಕ್ಕೆ ಎರಡು ಬೆಳೆ, ಮೊದಲ ಬೆಳೆಯ ಒಂದು ಚೀಲ ಅಬ್ಬೆತುಮಕೂರಿನ ಮಠಕ್ಕೆ ಮುಟ್ಟಿಸಿ ಬಂದಳು, ಪ್ರಸಾದ ತಂದುಕೊಟ್ಟಳು, ಅವಳ ಕಣ್ಣೆದುರೇ ತಿಂದೆ. ನಮಗೂ ಅಕ್ಕಿ ಕಳಿಸುತ್ತಾಳೆ, ಬಿಳಿ ಅಕ್ಕಿ, ಸೂಗಪ್ಪ ಬಡಿಸಿಕೊಂಡು ಬಡಿಸಿಕೊಂಡು ಉಣ್ಣುತ್ತಾನೆ, ಅನ್ನ ಎಷ್ಟ ಮೆತ್ತಗ ಅದ ನೋಡ ಅನ್ನುತ್ತಾನೆ, ನನ್ನ ರೊಟ್ಟಿ ತಟ್ಟೆಯ ಅಂಚಿನಲ್ಲಿ ಸುಮ್ಮನೆ ಕೂತಿರುತ್ತದೆ — ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ನಿನ್ನೆ ಹೇಳಿದ, ಅಣ್ಣಗ ನಾಟಿಗಿ ಆಳ ಸಿಗಾಕತ್ತಿಲ್ಲಂತ, ನಾವಿಬ್ಬರೂ ಬರ್ತೀವಿ ಅಂತ ಮಾತ ಕೊಟ್ಟೀನಿ, ನಾಳಿ ಚರಗದ ಊಟ ಅಲ್ಲೇ. ಕೊಟ್ಟೀನಿ! ನನ್ನನ್ನೂ ಸೇರಿಸಿ ಕೊಟ್ಟಿದ್ದಾನೆ, ಚರಗದ ಊಟವೆಂದರೆ ಏನೆಂದು ಅವನಿಗೆ ಗೊತ್ತಿಲ್ಲವೇ, ಹೊಲವಿದ್ದವರು ತಮ್ಮ ಹೊಲದಲ್ಲಿ ಉಣ್ಣುತ್ತಾರೆ, ಇಲ್ಲದವರು ಕರೆದವರ ಹೊಲದಲ್ಲಿ, ಇನ್ನೊಬ್ಬರ ಹೊಲದಲ್ಲಿ ಚರಗ ಉಂಡವರು ಮರುದಿನದಿಂದ ಆ ಹೊಲದ ಆಳು, ಊರಿಗೆಲ್ಲ ಗೊತ್ತಿರುವ ಮಾತು. ಇಷ್ಟು ವರ್ಷ ತಲೆನೋವು, ಜ್ವರ ಎಂದು ನೆಪ ಹೇಳಿ ತಪ್ಪಿಸಿಕೊಂಡೆ, ಇವತ್ತು ಉಂಡರೆ ಮುಗಿಯಿತು, ನಾಳೆ ಸೀರೆ ಮೊಳಕಾಲಿಗೆ ಕಟ್ಟಿ ಅವಳ ಕೆಸರಿಗೆ ಬಗ್ಗಬೇಕು, ಅವಳು ಬದುವಿನ ಮೇಲೆ ನಿಂತು ಸಾಕ ಬಾ ತಂಗಿ, ಚಾ ಕುಡಿ ಅನ್ನುತ್ತಾಳೆ. ಬ್ಯಾರೆಯವರ ಹೊಲ ಏನದು, ನಮ್ಮ ಅಣ್ಣಂದ ಅಲ್ಲೇನು ಅನ್ನುತ್ತಾನೆ ಇವನು. ಅಣ್ಣನದು ನಿನಗೆ, ನನಗೆ ಅದು ಭೀಮಾಬಾಯಿಯದು.

ಬುಟ್ಟಿ ಇಳಿಸಿದೆ, ಏರಿಯ ಕಲ್ಲು ಬಿಸಿಲಿಗೆ ಕಾದಿದೆ, ನೀರಿಗೆ ಕಾಲು ಬಿಟ್ಟು ಕೂತೆ, ಇಲ್ಲಿಯೇ ಬನ್ನಿ ಮರ, ಇಲ್ಲಿ ಕಲ್ಲು, ಇಲ್ಲಿಂದ ಜೋಳದ ಸಾಲು, ಕಣ್ಣು ಮುಚ್ಚಿದರೆ ಎಲ್ಲ ಇದ್ದಲ್ಲೇ ಇದೆ. ರೊಟ್ಟಿ ಮುರಿದು ಭಜ್ಜಿ ಕಲಸಿ ಹೋಳಿಗೆ ಹಿಚುಕಿ ಕೈತುಂಬ ತೆಗೆದು ಹುಲ್ಲುಲ್ಲಿಗೋ ಎಂದು ಚೆಲ್ಲಿದೆ, ದನಿ ನನಗೇ ಹೊಸದು, ಮುಂದೆ ಒಬ್ಬರು ಚೆಲ್ಲಬೇಕು, ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಚಳಾಂಬರಿಗೋ ಅನ್ನಬೇಕು, ಹೊಲವಿದ್ದಾಗ ಪ್ರತಿ ವರ್ಷ ನಾನು ಚೆಲ್ಲುತ್ತಿದ್ದೆ, ತಂಬಿಗೆ ಹಿಡಿದು ಸೂಗಪ್ಪ ಹಿಂದೆ. ಈಗ ಹಿಂದೆ ಯಾರೂ ಇಲ್ಲ, ನೀರು ಮಾತ್ರ ಬೇಕಾದಷ್ಟಿದೆ. ಹುಲ್ಲುಲ್ಲಿಗೋ — ಚಳಾಂಬರಿಗೋ! ಸೂಗಪ್ಪನದೇ ದನಿ, ಬಂದನೇ, ತಿರುಗಿ ನೋಡಿದೆ, ಇಲ್ಲ, ಕೆಳಗೆ, ಅವಳ ಹೊಲದಲ್ಲಿ, ಭೀಮಾಬಾಯಿ ಮುಂದೆ ಚೆಲ್ಲುತ್ತಿದ್ದಾಳೆ, ಅವಳ ಹಿಂದೆ ನನ್ನ ಗಂಡ, ನನ್ನ ಮನೆಯ ತಂಬಿಗೆ, ನಗುತ್ತ ನೀರು ಚಿಮುಕಿಸುತ್ತ, ಸಂಗಣ್ಣ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದಾನೆ. ನನ್ನ ಹೊಲ, ನನ್ನ ಕಲ್ಲು, ನನ್ನ ಮಾತು, ಈಗ ನನ್ನ ಹಿಂದಿನ ದನಿಯೂ. ಹೊಟ್ಟೆಯಲ್ಲಿ ಕಿಚ್ಚು, ಹೌದು ಹೊಟ್ಟೆಕಿಚ್ಚೇ, ಏನೀಗ, ಕಿಚ್ಚಾದರೂ ನನ್ನದಿರಲಿ.

ಒಂದು ರೊಟ್ಟಿ ಉಳಿದಿದೆ, ಎಳ್ಳು ಒತ್ತಿ ಒತ್ತಿ ಹಚ್ಚಿದ್ದು, ಮುರಿಯಲು ಕೈ ಬರಲಿಲ್ಲ, ಇಡಿಯಾಗಿಯೇ ನೀರಿಗಿಟ್ಟೆ, ತಗೋ ತಾಯಿ, ನಿನ್ನನ್ನು ಕಸಿದುಕೊಂಡರು, ನಾನು ಕೊಡಲಿಲ್ಲ, ಉಣ್ಣು. ತೇಲಿತು, ಬನ್ನಿ ಮರವಿದ್ದಲ್ಲಿ ಒಂದು ಸುತ್ತು ತಿರುಗಿತು, ನಿಂತಿತು, ನಿಂತಿತು — ಇಲ್ಲ, ಹೊರಟಿತು, ದಂಡೆ ಹಿಡಿದು ಹೊರಟಿತು, ಹಿಂದೆಯೇ ಹೋಳಿಗೆಯ ಚೂರು, ಭಜ್ಜಿಯ ಸೊಪ್ಪು, ಎಲ್ಲ ಒಂದೇ ಕಡೆಗೆ, ಅಲ್ಲಿಗೆ ಬೇಡ, ಅಲ್ಲಿಗೆ ಬೇಡ, ಕೈ ಚಾಚಿದೆ, ಎಟುಕಲಿಲ್ಲ, ತೂಬಿನ ಬಾಯಿಗೆ ರೊಟ್ಟಿ ಅಡ್ಡ ಬಿತ್ತು, ಗುಳುಗುಳು ನಿಂತಿತು, ಆಹಾ, ಮುಚ್ಚಿತು, ನನ್ನ ರೊಟ್ಟಿ ಆ ಬಾಯಿ ಮುಚ್ಚಿತು, ಹಾಗೇ ಇರು, ಹಾಗೇ — ನೆನೆಯಿತು, ನಡುವೆ ಬಗ್ಗಿತು, ಮಡಚಿಕೊಂಡಿತು, ಒಳಗೆ ಹೋಯಿತು. ಆ ಕಡೆ ಭೀಮಾಬಾಯಿ ಬಗ್ಗಿದಳು, ನೀರಿನಿಂದ ಅದನ್ನೆತ್ತಿ ಕಣ್ಣಿಗೊತ್ತಿಕೊಂಡಳು, ತನ್ನ ಸಸಿಮಡಿಯ ಮೇಲೆ ಹರಿದು ಚೆಲ್ಲಿದಳು, ಏ ಚಂದಮ್ಮ, ನಿನ್ನ ಚರಗ ನಮ್ಮ ಹೊಲಕ್ಕ ಬಂತವ್ವ, ನೀನೂ ಬಾ, ಎಲಿ ಹಾಕೀನಿ. ಬುಟ್ಟಿ ಬರಿದು, ಏಳಬೇಕು, ಎದ್ದು ಊರ ಕಡೆಗೋ ಅವಳ ಎಲೆಯ ಕಡೆಗೋ, ಕಾಲು ನೀರಿನಲ್ಲೇ ಇದೆ, ನೀರು ಕಾಲನ್ನೂ ಆ ಕಡೆಗೇ ಎಳೆಯುತ್ತಿದೆ, ಗುಳುಗುಳು, ತೂಬಿನ ಬಾಯಿ, ಒಂದು ಎಳ್ಳೂ ಅಂಟಿಲ್ಲ, ತೆರೆದ ಬಾಯಿ, ತೂಬಿನ ಬಾಯಿ