ಚೀನಾದ ಖಡಕ್ ರೊಟ್ಟಿ

ಜಮಖಂಡಿಯ ನಿವೃತ್ತ ಗಣಿತ ಮಾಸ್ತರ ಶಿವಯೋಗೆಪ್ಪನವರಿಗೆ 2017ರ ಬೇಸಿಗೆಯಲ್ಲಿ ವಾಟ್ಸಾಪಿನಿಂದ ಜ್ಞಾನೋದಯವಾಯಿತು. ಪೊಟ್ಟಣದ ಮೇಲಿನ ಕಪ್ಪು ಗೆರೆಗಳ ಕೆಳಗಿನ ಅಂಕಿ 890ರಿಂದ ಶುರುವಾದರೆ ಮಾಲು ನಮ್ಮದು, 690 ಆದರೆ ಚೀನಾದ್ದು. ತಗೋ! ಮಾಸ್ತರರು ಭೂತಗನ್ನಡಿ ಹಿಡಿದು ಕಿರಾಣಿ ಅಂಗಡಿಗಳಿಗೆ ನುಗ್ಗಿದರು.

ಮೂರನೇ ದಿನ ಶಿದ್ರಾಮಪ್ಪನ ಅಂಗಡಿಯಲ್ಲಿ ಕಳ್ಳ ಸಿಕ್ಕ. ಖಡಕ್ ರೊಟ್ಟಿಯ ಹೊಸ ಪೊಟ್ಟಣ, ಅಂಕಿ 690.

"ಶಿದ್ರಾಮಪ್ಪ, ಚೀನಾದವ್ರು ರೊಟ್ಟಿನೂ ಬಡ್ಯಾಕತ್ಯಾರಲೇ!"

ಫೋಟೊ ಊರಿನ ವಾಟ್ಸಾಪ್ ಗುಂಪಿಗೆಲ್ಲ ಹೋಯಿತು. ರೊಟ್ಟಿ ಮಾಡಿದವರ ಹೆಸರೂ ಪೊಟ್ಟಣದ ಮೇಲೇ ಇತ್ತು, ಆದರೆ ದೇಶ ಕಾಯುವವರಿಗೆ ಅಷ್ಟೆಲ್ಲ ಓದುವ ಪುರಸೊತ್ತೆಲ್ಲಿ?

ಸಂಜೆ ಹೆಂಡತಿ ಮಾದೇವಿ ಬುಟ್ಟಿಗಟ್ಟಲೆ ರೊಟ್ಟಿ ಹೊತ್ತು ಮನೆಗೆ ಬಂದಳು. ಅವಳ ಮಹಿಳಾ ಸಂಘ ತನ್ನ ರೊಟ್ಟಿಗೆ ಆ ವಾರವಷ್ಟೇ ಪೊಟ್ಟಣ ಮಾಡಿಸಿತ್ತು. ಅಂಗಡಿಯವರೆಲ್ಲ ಮಾಲು ವಾಪಸು ಕೊಟ್ಟಿದ್ದರು.

"ಹತ್ತ ಹೆಣ್ಮಕ್ಕಳ ಹೊಟ್ಟಿ ಮ್ಯಾಲ ಹೊಡದ್ರಲ್ರೀ! ಮುಂಜಾನೆ ನೀವ್ ತಿಂದದ್ದೂ ಇದ ರೊಟ್ಟಿ. ನಾ ಯಾವಾಗ ಚೀನಾದಾಕಿ ಆದೆ?"

ಮಾಸ್ತರರಿಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮರುದಿನವೇ ಪೊಟ್ಟಣ ಮುದ್ರಿಸಿದವನನ್ನು ಕೇಳಲು ಮುಧೋಳದ ಬಸ್ಸು ಹತ್ತಿದರು. ಅವನು ಅಂಕಿಯನ್ನು ಇಂಟರ್ನೆಟ್ಟಿನಲ್ಲಿ ಸೋವಿಯಾಗಿ ಸಿಕ್ಕಿತೆಂದು ಕೊಂಡಿದ್ದನಂತೆ. ಅಂಕಿ ಕೊಡುವ ಸಂಸ್ಥೆಗೂ ಮಾಸ್ತರರು ಫೋನು ಮಾಡಿದರು. ಮೊದಲ ಮೂರು ಅಂಕಿ ಹೇಳುವುದು ನಂಬರು ಎಲ್ಲಿ ನೋಂದಣಿಯಾಯಿತು ಎಂಬುದನ್ನಷ್ಟೇ. ಮಾಲು ಎಲ್ಲಿ ತಯಾರಾಯಿತು ಎಂಬುದನ್ನಲ್ಲ.

ಮಾಸ್ತರರು ಇದನ್ನು ಗುಂಪಿಗೆ ಬರೆದರು, ಅಂಗಡಿ ಅಂಗಡಿಗೆ ಹೋಗಿ ಹೇಳಿದರು. ಸುಳ್ಳು ಹೇಳಿದಾಗ ಕೈಮುಗಿದ ಊರು ಖರೆ ಹೇಳಿದಾಗ ಮೂಗು ಮುರಿಯಿತು.

"ಮನಿಯಾಕಿ ಸಲುವಾಗಿ ಹಿಂಗ ಸುಳ್ಳ ಹೇಳಬಾರದ್ರಿ ಮಾಸ್ತರ," ಎಂದ ಶಿದ್ರಾಮಪ್ಪ.

ಮಾದೇವಿ ಪೊಟ್ಟಣಗಳನ್ನೆಲ್ಲ ಹರಿದು ಎಸೆದು, ರೊಟ್ಟಿಯನ್ನು ಬಿಳಿ ಅರಿವೆಯಲ್ಲಿ ಕಟ್ಟಿ, ಗಂಡನ ತಲೆಯ ಮೇಲೆ ಬುಟ್ಟಿ ಹೊರಿಸಿ ಸಂತೆಗೆ ನಡೆದಳು. ಮಧ್ಯಾಹ್ನದೊಳಗೆ ಅರ್ಧ ಖಾಲಿ.

ಹುನ್ನೂರಿನ ಮುದುಕಿಯೊಬ್ಬಳು ರೊಟ್ಟಿ ಮುರಿದು ನೋಡಿ, ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದಳು: "ಚೀಟಿ ಹಚ್ಚಿಲ್ಲಂದ್ರ ಮಾಲು ಖರೇನ ಛಲೋ ಇರತೈತಿ. ಚೀಟಿ ಇಲ್ಲದ್ದರಾಗ ಕಲಬೆರಕಿ ಇರೂದ ಇಲ್ಲ. ಹೌದಲ್ರೀ ಮಾಸ್ತರ?"

ಮಾಸ್ತರರ ನಾಲಿಗೆ ತುದಿಗೆ ಉತ್ತರ ಬಂದು ನಿಂತಿತು. ಮಾದೇವಿ ಅವರ ಮುಖವನ್ನೇ ನೋಡುತ್ತಿದ್ದಳು. ಇನ್ನೂ ಅರ್ಧ ಬುಟ್ಟಿ ರೊಟ್ಟಿ ಉಳಿದಿತ್ತು.

"ಹೌದ್ರೀ ಯವ್ವಾ," ಎಂದರು, ಸುಳ್ಳು ಹೇಳಿದ ಮಕ್ಕಳ ಅಂಗೈಗೆ ಮೂವತ್ತೆರಡು ವರ್ಷ ಬೆತ್ತ ಬಾರಿಸಿದ ಶಿವಯೋಗೆಪ್ಪ ಮಾಸ್ತರರು.